ಬಾನೆಟ್ಟಿನ ಬಿಸಿ

ಕಳೆದ ಡಿಸೆಂಬರಿನಲ್ಲಿ ನನ್ನ ತಮ್ಮನ ಮಗ ಬೆಂಗಳೂರಿನಿಂದ ಒಂದು ಹಳೆಯ ಕಾರು ತಂದು ಗುಂಡ್ಲುಪೇಟೆಯ ಮನೆಯ ಮುಂದೆ ನಿಲ್ಲಿಸಿದಾಗ ಬೀದಿಯ ಮಕ್ಕಳೆಲ್ಲ ಓಡಿಬಂದರು. ಎರಡೇ ಸೀಟು, ನೆಲಕ್ಕೆ ತಾಗುವಂಥ ಮೈ, ಬೇಕೆಂದರೆ ಬಿಚ್ಚಿಡಬಹುದಾದ ಮಾಡು. ಸ್ಯಾನ್ ಸ್ಟಾರ್ಮ್ ಅಂತ ಅದರ ಹೆಸರು. 1998ರ ಹೊತ್ತಿಗೆ ನಮ್ಮ ದೇಶದಲ್ಲೇ ತಯಾರಾಗಿ ಬಂದ ಸ್ಪೋರ್ಟ್ಸ್ ಕಾರಂತೆ. ಫೈಬರ್‌ಗ್ಲಾಸಿನ ಮೈ, ಫ್ರಾನ್ಸಿನ ರೆನೋ ಎಂಜಿನ್ನು.

"ಅತ್ತೆ, ಸೀಟಿಗೆ ಹೀಟರ್ ಹಾಕಿಸಿದ್ದೀನಿ. ನಾಳೆ ಊಟಿಗೆ ಹೋಗೋಣ, ಚಳಿ ಗೊತ್ತೇ ಆಗಲ್ಲ" ಎಂದ. ಚಾಮರಾಜನಗರದ ಶಾಲೆಗೆ ರಜೆಯಿತ್ತು, ಒಪ್ಪಿದೆ. ಆದರೂ ಚೀಲದಲ್ಲಿ ಅಮ್ಮನ ಕರಿ ಕಂಬಳಿ ಇಟ್ಟುಕೊಂಡೆ. ಅವನು ನಕ್ಕ.

ಬಂಡೀಪುರದ ಕಾಡಿನ ರಸ್ತೆಗೆ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಬಿಡುವುದಿಲ್ಲ. ನಾವು ಮೇಲುಕಾಮನಹಳ್ಳಿಯ ಚೆಕ್‌ಪೋಸ್ಟಿಗೆ ಐದೂಕಾಲಿಗೇ ಹೋಗಿ ಸಾಲಿನಲ್ಲಿ ನಿಂತೆವು. ಮುಂದೆ ತರಕಾರಿ ಲಾರಿಗಳು, ಸುತ್ತ ಮಂಜು. ಅವನು ಗುಂಡಿ ಒತ್ತಿದ. ಎರಡು ನಿಮಿಷಕ್ಕೆ ಬೆನ್ನ ಕೆಳಗೆ ಹಿತವಾದ ಬಿಸಿ ಏರಿತು. ನಿಜ ಹೇಳಬೇಕೆಂದರೆ, ಐವತ್ತು ದಾಟಿದ ಸೊಂಟಕ್ಕೆ ಅದು ಸ್ವರ್ಗ. ಕಾಲು ಗಂಟೆಯಲ್ಲಿ ಬಿಸಿ ಸುಡುವ ಹಾಗಾಯಿತು. "ಸ್ವಲ್ಪ ಕಡಿಮೆ ಮಾಡೋ" ಎಂದೆ. "ಕಡಿಮೆ ಅಂತ ಇಲ್ಲ ಅತ್ತೆ, ಒಂದು ಆನ್, ಇಲ್ಲ ಆಫ್" ಎಂದ. ಆಗ ನನಗೆ ಅಮ್ಮನ ಕಾಲು ನೆನಪಾಯಿತು.

ನಮ್ಮ ಅಜ್ಜಿಯ ಕಾಲಕ್ಕೆ ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿದರೆ ಅದೇ ಬೆಚ್ಚನೆಯ ಆಸನ. ಕಂಬಳಿಗೆ ತನ್ನದೆಂಬ ಬಿಸಿಯಿಲ್ಲ. ಉಣ್ಣೆಯ ಎಳೆಗಳ ನಡುವೆ ಗಾಳಿಯನ್ನು ಹಿಡಿದಿಟ್ಟು, ನಮ್ಮ ಮೈಯ ಬಿಸಿಯನ್ನೇ ಕಾಯುತ್ತದೆ. ಫರ್ನ್‌ಹಿಲ್ಸ್ ಅರಮನೆಗೆ ಹೋಗುತ್ತಿದ್ದ ಮೈಸೂರಿನ ಮಹಾರಾಜರ ಪರಿವಾರಕ್ಕೂ ಈ ಘಟ್ಟದ ಚಳಿ ಚಳಿಯೇ ಆಗಿದ್ದೀತು. ಬಸ್ಸು ಬಂದ ಮೇಲೆ ಹೊಸದೊಂದು ಬಿಸಿ ಸಿಕ್ಕಿತು. ಆಗಿನ ಬಸ್ಸುಗಳಲ್ಲಿ ಎಂಜಿನ್ನು ಡ್ರೈವರಿನ ಪಕ್ಕದಲ್ಲೇ, ಒಳಗೇ ಇರುತ್ತಿತ್ತು. ಅದರ ಮೇಲಿನ ತಗಡಿನ ಮುಚ್ಚಳಕ್ಕೆ ನಾವೆಲ್ಲ ಬಾನೆಟ್ಟು ಅನ್ನುತ್ತಿದ್ದೆವು. ಸೀಟು ಸಿಗದ ಬಾಣಂತಿಯರನ್ನೂ ಮಕ್ಕಳೊಂದಿಗರನ್ನೂ "ಬಾನೆಟ್ ಮೇಲೆ ಕೂತ್ಕೊಳ್ಳಮ್ಮ" ಎಂದು ಕಂಡಕ್ಟರು ಕೂರಿಸುತ್ತಿದ್ದ. ಟಿಕೆಟ್ಟಿನ ಜೊತೆ ಪುಕ್ಕಟೆ ಶಾಖ.

ಅತ್ತ ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ರಾಬರ್ಟ್ ಬಲಾರ್ಡ್ ಎಂಬಾತ ಸೀಟಿನೊಳಗೆ ವಿದ್ಯುತ್ ತಂತಿ ಹಾಯಿಸಿ ಬಿಸಿ ಮಾಡುವ ಉಪಾಯಕ್ಕೆ 1951ರಲ್ಲಿ ಅರ್ಜಿ ಹಾಕಿ, 1955ರಲ್ಲಿ ಪೇಟೆಂಟ್ ಪಡೆದ. 1966ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ, ಹೆಚ್ಚಿಗೆ ದುಡ್ಡು ಕೊಟ್ಟವರಿಗೆ, ಅಂಥ ಸೀಟು ಸಿಕ್ಕಿತು. ಹಿಮ ಬೀಳುವ ಸ್ವೀಡನ್ನಿನ ಸಾಬ್ ಕಂಪನಿ 1972ರಲ್ಲಿ ಡ್ರೈವರಿನ ಸೀಟಿಗೆ ಅದನ್ನು ಹಾಕಿಯೇ ಕೊಡತೊಡಗಿತು. ತಂತಿ ಬಿಸಿಯಾಗುವುದರಲ್ಲಿ ದೊಡ್ಡ ವಿದ್ಯೆಯೇನಿಲ್ಲ, ನಮ್ಮ ಇಸ್ತ್ರಿ ಪೆಟ್ಟಿಗೆಯದೇ ಕೆಲಸ. ಸಾಕಾದಾಗ ತಾನೇ ವಿದ್ಯುತ್ತನ್ನು ಕಡಿಯುವ ಥರ್ಮೋಸ್ಟಾಟ್ ಇದೆಯಲ್ಲ, ಜಾಣತನ ಇರುವುದು ಅದರಲ್ಲಿ.

ಬಾನೆಟ್ಟಿಗೆ ಥರ್ಮೋಸ್ಟಾಟ್ ಇರಲಿಲ್ಲ. ನನಗೆ ಏಳು ವರ್ಷವಿದ್ದಾಗ, ಒಂದು ಮಾಗಿಯ ಬೆಳಿಗ್ಗೆ, ಕೈಗೂಸಾದ ತಮ್ಮನಿಗೆ ವಿಪರೀತ ಜ್ವರ. ಅಮ್ಮ ನಮ್ಮಿಬ್ಬರನ್ನೂ ಕರೆದುಕೊಂಡು ಮೈಸೂರಿನ ದೊಡ್ಡಾಸ್ಪತ್ರೆಗೆ ಹೊರಟರು. ಬಾನೆಟ್ಟಿನ ಮೇಲೆ ಜಾಗ ಸಿಕ್ಕಿತು. ರಾತ್ರಿಯಿಡೀ ಅತ್ತ ಮಗು ಆ ಬಿಸಿಗೆ ಕಣ್ಣು ಮುಚ್ಚಿತು. ಕಾಲು ಸರಿಸಿದರೆ ಎಲ್ಲಿ ಏಳುತ್ತದೋ ಎಂದು ಅಮ್ಮ ಅಲುಗಾಡದೆ ಅರವತ್ತು ಕಿಲೋಮೀಟರು ಕೂತರು. ಇಳಿದಾಗ ಮೀನಖಂಡದ ಮೇಲೆ ಅಂಗೈಯಗಲ ಬೊಬ್ಬೆ ಎದ್ದಿತ್ತು. ಮಗುವಿಗೆ ಔಷಧ ಕೊಡಿಸಿದರು, ತಮ್ಮ ಕಾಲನ್ನು ಡಾಕ್ಟರಿಗೆ ತೋರಿಸಲಿಲ್ಲ. ಆ ಕಪ್ಪು ಗುರುತು ಕೊನೆಯವರೆಗೂ ಇತ್ತು.

ಆರು ಗಂಟೆಗೆ ಗೇಟು ತೆಗೆದರು. ನಮ್ಮ ಕಾರು ಮಾತ್ರ ಅಲುಗಲಿಲ್ಲ. ಒಂದು ಸೀಟಿಗೆ ಐವತ್ತು ವ್ಯಾಟಿನಷ್ಟು ಬೇಕಂತೆ. 12 ವೋಲ್ಟಿನ ಬ್ಯಾಟರಿಯಿಂದ ಎರಡು ಸೀಟಿಗೆ ಎಂಟು ಆಂಪಿಯರು. ಜೊತೆಗೆ ದೀಪ, ಹಾಡು. ಎಂಜಿನ್ನು ನಿಲ್ಲಿಸಿ ಮುಕ್ಕಾಲು ಗಂಟೆ ಕೂತರೆ ಮುದಿ ಬ್ಯಾಟರಿ ಏನು ಮಾಡೀತು? ಲಾರಿಯ ಹುಡುಗರು ನಗುನಗುತ್ತಾ ತಳ್ಳಿದರು. ಊಟಿಯ ಆಸೆ ಬಿಟ್ಟು ಹಿಂದಿರುಗಿದೆವು. ಹೀಟರಿನ ಗುಂಡಿ ಮುಟ್ಟಲಿಲ್ಲ. ಇಬ್ಬರ ಮಂಡಿಯ ಮೇಲೂ ಅಮ್ಮನ ಕಂಬಳಿ.

ಮನೆಯಲ್ಲಿ ಕಾಫಿ ಕುಡಿಯುತ್ತಾ ಎಲ್ಲವನ್ನೂ ಹೇಳಿದೆ. ತಮ್ಮ ಲೋಟ ಕೆಳಗಿಟ್ಟ. "ಅದು ಒಲೆ ಸುಟ್ಟ ಗಾಯ ಅಂತಲ್ವಾ ಅಮ್ಮ ಹೇಳ್ತಿದ್ದದ್ದು?" ಎಂದ. ನನಗೂ ಹೊಳೆದಿರಲಿಲ್ಲ, ಇಷ್ಟು ವರ್ಷ ಇವನಿಗೆ ಯಾರೂ ಹೇಳಿಯೇ ಇಲ್ಲವೆಂದು.

ಮಾರನೆಯ ದಿನ ಮಗನನ್ನು ಎಬ್ಬಿಸಿಕೊಂಡು, ಆ ಕಾರನ್ನು ಎಲೆಕ್ಟ್ರಿಷಿಯನ್ ಹತ್ತಿರ ಅವನೇ ತೆಗೆದುಕೊಂಡು ಹೋದ. ಥರ್ಮೋಸ್ಟಾಟ್, ಫ್ಯೂಸು, ಎಂಜಿನ್ನು ಚಾಲೂ ಇದ್ದಾಗ ಮಾತ್ರ ವಿದ್ಯುತ್ತು ಬಿಡುವ ರಿಲೇ, ಎಲ್ಲ ಹಾಕಿಸಿದ. ಮೊದಲು ತಾನೇ ಸೀಟಿನ ಮೇಲೆ ಅಂಗೈ ಒತ್ತಿ, ಬಹಳ ಹೊತ್ತು ಹಾಗೇ ಇಟ್ಟು ನೋಡಿದನಂತೆ.