ಅಲಾತಚಕ್ರವೂ ತೊಗಲುಗೊಂಬೆಯೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ತುಮಕೂರು ಜಿಲ್ಲೆಯ ಬಡಗಣ ಸೀಮೆಗಳು. ಇವುಗಳಲ್ಲಿ ಪಾವಗಡವು ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿಯಲ್ಪಟ್ಟಿದೆ. ಮಳೆಯನ್ನೇ ನೆಚ್ಚಿ ಬದುಕುವ ಇಂಥ ಬಯಲುಸೀಮೆಯಲ್ಲಿ, ಮಳೆ ತಪ್ಪಿದಾಗಲೂ ದನಕರುಗಳಿಗೆ ಜಾಡ್ಯ ತಗುಲಿದಾಗಲೂ ಊರೊಟ್ಟಿನಿಂದ ತೊಗಲುಗೊಂಬೆಯವರನ್ನು ಕರೆಸಿ ರಾತ್ರಿಯೆಲ್ಲ ಆಟವಾಡಿಸುವ ವಾಡಿಕೆಯು ಹಿಂದೆ ವ್ಯಾಪಕವಾಗಿದ್ದಿತು. ಬೆಳ್ಳಗಿನ ಪರದೆ, ಹಿಂದೊಂದು ದೀಪ, ನಡುವೆ ಕುಣಿಯುವ ಚಿತ್ರಗಳು, ಮುಂದೆ ಕತ್ತಲಲ್ಲಿ ಕುಳಿತ ಜನ. ಇದನ್ನು ಕಂಡವರು, “ಚಲಚ್ಚಿತ್ರವು ಪರದೇಶದ ವಿದ್ಯೆಯಲ್ಲ, ನಮ್ಮ ಕಿಳ್ಳೇಕ್ಯಾತರ ಚಪ್ಪರದಲ್ಲಿ ಅದು ಎಂದೋ ಹುಟ್ಟಿತ್ತು” ಎಂದು ಅಭಿಮಾನದಿಂದ ನುಡಿಯುವುದುಂಟು. ಈ ಮಾತಿನಲ್ಲಿ ಸತ್ಯವೆಷ್ಟು, ಅಭಿಮಾನವೆಷ್ಟು ಎಂಬುದು ವಿಚಾರಾರ್ಹವಾಗಿದೆ.

ಮೊದಲು ಗೊಂಬೆಯನ್ನೇ ನೋಡಬೇಕು. ಆಡಿನ ತೊಗಲನ್ನು ಕೂದಲು ತೆಗೆದು, ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು, ಒಣಗಿಸಿ, ಅದರ ಮೇಲೆ ರೇಖೆ ಬರೆದು ಕತ್ತರಿಸುವರು. ಆಭರಣ, ಸೀರೆಯ ಅಂಚುಗಳ ಸ್ಥಾನದಲ್ಲಿ ಸಣ್ಣ ರಂಧ್ರಗಳನ್ನು ಕೊರೆಯುವರು. ಎರಡು ಮಗ್ಗುಲಿಗೂ ಬಣ್ಣ ಹಾಕುವರು. ಕೆಲವು ಗೊಂಬೆಗಳಿಗೆ ಕೈ ಮಾತ್ರ ಆಡುವುದು. ಕೆಲವು ಒಂದೇ ತೊಗಲಿನಲ್ಲಿ ರಾವಣನ ಒಡ್ಡೋಲಗವನ್ನೋ ಕುದುರೆ ಕಟ್ಟಿದ ರಥವನ್ನೋ ಒಳಗೊಂಡಿರುವುವು. ಗೊಂಬೆಯನ್ನು ಸೀಳಿದ ಕಡ್ಡಿಗೆ ಸಿಕ್ಕಿಸಿ ಪರದೆಗೆ ಒತ್ತಿ ಹಿಡಿದರೆ ಬಣ್ಣದ ನೆರಳು ಸ್ಪಷ್ಟವಾಗಿ ಕಾಣುವುದು. ದೀಪದ ಕಡೆಗೆ ಸರಿಸಿದರೆ ಹಿಗ್ಗಿ ಮಸುಕಾಗುವುದು. ಈ ಕಸುಬಿನವರು ಮನೆಯಲ್ಲಿ ಮರಾಠಿಯ ಒಂದು ಭೇದವನ್ನಾಡುವರು. ಆಟದಲ್ಲಿ ಕನ್ನಡವನ್ನಾಡುವರು, ಗಡಿಯಾಚೆ ತೆಲುಗನ್ನಾಡುವರು. ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯದ ಜೋಡಿಯು ಗಡಿಯ ಎರಡು ಕಡೆಯ ಆಟಗಳಲ್ಲಿಯೂ ಬರುವುದು.

ಇನ್ನು ಚಲಚ್ಚಿತ್ರದ ಸ್ವಭಾವವೇ ಬೇರೆ. ಗೊಂಬೆಯಾಟದಲ್ಲಿ ಚಿತ್ರವು ನಿಜವಾಗಿ ಚಲಿಸುತ್ತದೆ. ಆಡಿಸುವವನ ಕೈಯೇ ಅದಕ್ಕೆ ಪ್ರಾಣ. ಚಲಚ್ಚಿತ್ರದಲ್ಲಾದರೋ ಯಾವ ಚಿತ್ರವೂ ಚಲಿಸುವುದಿಲ್ಲ. ಪಟ್ಟಿಯ ಮೇಲಿನ ಒಂದೊಂದು ಚಿತ್ರವೂ ಪರದೆಯ ಮೇಲೆ ಕ್ಷಣಕಾಲ ಅಲುಗದೆ ನಿಲ್ಲುವುದು. ಬಳಿಕ ಬೆಳಕು ಮುಚ್ಚಲ್ಪಟ್ಟು, ಆ ಕತ್ತಲಲ್ಲಿ ಮುಂದಿನ ಚಿತ್ರವು ಅದರ ಸ್ಥಾನಕ್ಕೆ ಬರುವುದು. ವಾಕ್ಚಿತ್ರಗಳಲ್ಲಿ ಒಂದು ಸೆಕೆಂಡಿಗೆ ಇಂಥ 24 ಚಿತ್ರಗಳು. ನೋಡುವವನು ಕತ್ತಲನ್ನೂ ಕಾಣನು, ನಿಲುಗಡೆಯನ್ನೂ ಕಾಣನು. ಓಟವನ್ನು ಮಾತ್ರ ಕಾಣುವನು. ಅಚಲವಾದುದು ಚಲಿಸುವಂತೆ ತೋರುವ ಈ ಮಾಯೆಯೇ ಇಲ್ಲಿಯ ಜೀವಾಳ.

ಈ ಮಾಯೆಯ ಒಂದು ಪಾರ್ಶ್ವವನ್ನು ನಮ್ಮ ಪ್ರಾಚೀನರು ಬಲ್ಲವರಾಗಿದ್ದರು. ಉರಿಯುವ ಕೊಳ್ಳಿಯನ್ನು ಕತ್ತಲಲ್ಲಿ ವೇಗವಾಗಿ ತಿರುಗಿಸಿದರೆ ಬೆಂಕಿಯ ಬಳೆಯೊಂದು ಕಾಣುವುದಷ್ಟೆ. ಇದೇ ಅಲಾತಚಕ್ರ. ಗೌತಮನ ನ್ಯಾಯಸೂತ್ರಗಳ ಮೂರನೆಯ ಅಧ್ಯಾಯದಲ್ಲಿ, ಜ್ಞಾನಗಳು ಒಂದಾದ ಮೇಲೊಂದು ಹುಟ್ಟುತ್ತಿದ್ದರೂ ಏಕಕಾಲದಲ್ಲಿ ಹುಟ್ಟಿದಂತೆ ತೋರುವುದಕ್ಕೆ ಈ ಚಕ್ರವನ್ನು ದೃಷ್ಟಾಂತವಾಗಿ ಕೊಟ್ಟು, ವೇಗದ ದೆಸೆಯಿಂದ ನಡುವಣ ಕ್ರಮವು ಗೋಚರಿಸದು ಎಂದು ಕಾರಣ ಹೇಳಿದೆ. ಗೌಡಪಾದರು ಮಾಂಡೂಕ್ಯಕಾರಿಕೆಯ ನಾಲ್ಕನೆಯ ಪ್ರಕರಣಕ್ಕೆ ಅಲಾತಶಾಂತಿ ಎಂದೇ ಹೆಸರಿಟ್ಟು, ಅದೇ ಕೊಳ್ಳಿಯಿಂದ ವೇದಾಂತವನ್ನು ಬೋಧಿಸಿದರು. ಆದರೆ ಅವರ ಪ್ರಯೋಜನ ತತ್ತ್ವನಿರ್ಣಯ; ಯಂತ್ರನಿರ್ಮಾಣವಲ್ಲ. ದೃಷ್ಟಾಂತವು ಗ್ರಂಥದಲ್ಲಿಯೇ ಉಳಿಯಿತು.

ಯುರೋಪಿನಲ್ಲಿ ಅದು ಆಟಿಗೆಯಾಯಿತು. 1824ರಲ್ಲಿ ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯನು, ಬೇಲಿಯ ಸಂದುಗಳ ಮೂಲಕ ನೋಡಿದಾಗ ಗಾಡಿಯ ಚಕ್ರದ ಅರೆಗಳು ಬಾಗಿದಂತೆ ಕಾಣುವುದೇಕೆಂದು ಲಂಡನಿನ ರಾಯಲ್ ಸೊಸೈಟಿಯ ಮುಂದೆ ವಿವರಿಸಿದನು. ಮರುವರ್ಷ ಜಾನ್ ಏರ್ಟನ್ ಪ್ಯಾರಿಸ್ ಎಂಬಾತನು ಬಿಲ್ಲೆಯೊಂದನ್ನು ಪ್ರಚುರಪಡಿಸಿದನು; ಒಂದು ಮಗ್ಗುಲಲ್ಲಿ ಹಕ್ಕಿ, ಇನ್ನೊಂದರಲ್ಲಿ ಪಂಜರ; ದಾರದಿಂದ ತಿರುಗಿಸಿದರೆ ಹಕ್ಕಿಯು ಪಂಜರದೊಳಗೆ. 1832ರಲ್ಲಿ ಬೆಲ್ಜಿಯಮ್ಮಿನ ಜೋಸೆಫ್ ಪ್ಲಾಟೋ ಇನ್ನೂ ಮುಂದೆ ಹೋದನು. ವರ್ತುಲಾಕಾರದ ಹಲಗೆಯ ಸುತ್ತ, ಕುಣಿಯುವವನೊಬ್ಬನ ಭಂಗಿಗಳನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ ಬರೆದು, ಅಂಚಿನಲ್ಲಿ ಸೀಳುಗಳನ್ನು ಮಾಡಿ, ಕನ್ನಡಿಯ ಮುಂದೆ ತಿರುಗಿಸಿ ಸೀಳಿನಿಂದ ನೋಡಿದರೆ ಚಿತ್ರದ ಮನುಷ್ಯನು ಕುಣಿಯತೊಡಗುವನು. ಅದೇ ಕಾಲದಲ್ಲಿ ವಿಯೆನ್ನಾದ ಸ್ಟಾಂಫರನೂ ಇಂಥದನ್ನೇ ಸ್ವತಂತ್ರವಾಗಿ ಕಂಡುಹಿಡಿದನು. ಇಲ್ಲಿ ಸೀಳಿನ ಮಹತ್ವವನ್ನು ಗಮನಿಸಬೇಕು. ಸೀಳಿಲ್ಲದಿದ್ದರೆ ಎಲ್ಲ ಭಂಗಿಗಳೂ ಕಲಸಿಹೋಗುವುವು. ಸೀಳು ಒಂದೊಂದನ್ನೇ ಬಿಡಿಸಿ ತೋರುವುದು.

ಆದುದರಿಂದ ಕೊಳ್ಳಿಯ ನ್ಯಾಯವೊಂದರಿಂದಲೇ ಚಲಚ್ಚಿತ್ರವನ್ನು ವಿವರಿಸಲಾಗದು. ಕಣ್ಣಿನಲ್ಲಿ ಬಿಂಬವು ಕ್ಷಣಕಾಲ ಉಳಿಯುವುದೇ ಸಮಸ್ತಕ್ಕೂ ಕಾರಣವೆಂದು ಬಹುಕಾಲ ಪುಸ್ತಕಗಳಲ್ಲಿ ಬರೆಯುತ್ತಿದ್ದರು. ಉಳಿಯುವುದರಿಂದ ಕಾಣುವುದು ಬಳೆ, ಬಳೆಯಾದರೋ ನಿಶ್ಚಲ. ಓಟ ಕಾಣಬೇಕಾದರೆ ಇನ್ನೊಂದು ವ್ಯಾಪಾರ ಬೇಕು. 1912ರಲ್ಲಿ ಜರ್ಮನಿಯ ಮ್ಯಾಕ್ಸ್ ವರ್ಟ್‌ಹೈಮರನು ಬೇರೆ ಬೇರೆ ಸ್ಥಾನಗಳಲ್ಲಿ ಎರಡು ಗೆರೆಗಳನ್ನು ತಕ್ಕ ಅಂತರದಲ್ಲಿ ಒಂದಾದ ಮೇಲೊಂದು ತೋರಿಸಿ, ನೋಡುವವರಿಗೆ ಒಂದೇ ಗೆರೆಯು ಸರಿದಂತೆ ಕಾಣುವುದನ್ನು ಪರೀಕ್ಷಿಸಿದನು. ಚಲನೆಯನ್ನು ಕಟ್ಟುವುದು ಕಣ್ಣಿನ ಮಂದಗತಿಯಲ್ಲ, ಅಂತಃಕರಣದ ಯೋಜನೆ ಎಂಬುದು ಅಂದಿನಿಂದ ದೃಢಪಟ್ಟಿತು.

ಯಂತ್ರದ ಕಥೆಯು ಬೇಗ ಮುಂದುವರಿಯಿತು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕನು ಹನ್ನೆರಡು ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಓಡುವ ಕುದುರೆಯ ಹೆಜ್ಜೆಗಳನ್ನು ಬಿಡಿಬಿಡಿಯಾಗಿ ಹಿಡಿದನು. 1892ನೆಯ ಅಕ್ಟೋಬರ್ 28ರಂದು ಪ್ಯಾರಿಸ್ ನಗರದಲ್ಲಿ ಎಮಿಲ್ ರೆನೋ ಎಂಬಾತನು, ಸ್ವಹಸ್ತದಿಂದ ಬರೆದು ಬಣ್ಣ ಹಾಕಿದ ನೂರಾರು ಚಿತ್ರಗಳ ಪಟ್ಟಿಗಳನ್ನು ಪರದೆಯ ಮೇಲೆ ಓಡಿಸಿ ಜನರಿಗೆ ತೋರಿಸಿದನು. ಛಾಯಾಚಿತ್ರದ ಸಿನಿಮಾ ಜನರ ಮುಂದೆ ಬಂದುದು ಅದಾದ ಮೂರು ವರ್ಷಗಳ ಮೇಲೆ, ಲುಮಿಯೇರ್ ಸೋದರರಿಂದ. 1896ನೆಯ ಜುಲೈ 7ರಂದು ಅದು ಮುಂಬಯಿಗೂ ಬಂದಿತು.

ಭಾರತೀಯರು ಬರಿಯ ಪ್ರೇಕ್ಷಕರಾಗಿರಲಿಲ್ಲ. ಕಲ್ಯಾಣದ ಮಹಾದೇವ ಗೋಪಾಳ ಪಟವರ್ಧನರು ಸುಮಾರು 1892ರಿಂದಲೇ ಗಾಜಿನ ಮೇಲೆ ಚಿತ್ರ ಬರೆದು, ದೀಪಯಂತ್ರದಿಂದ ಪರದೆಯ ಮೇಲೆ ಬೀಳಿಸಿ, ಒಂದೇ ಮೂರ್ತಿಯ ಭಿನ್ನ ಭಂಗಿಗಳನ್ನು ಬದಲಿಸುತ್ತ ಪುರಾಣಕಥೆಗಳನ್ನು ತೋರಿಸಿದರು. ಅದಕ್ಕೆ ಶಾಂಬರಿಕ ಖರೋಲಿಕಾ ಎಂದು ಹೆಸರು. ಶಾಂಬರಿ ಎಂದರೆ ಮಾಯೆ. ದಾದಾಸಾಹೇಬ ಫಾಳ್ಕೆಯವರು 1913ರಲ್ಲಿ ಹರಿಶ್ಚಂದ್ರನ ಕಥೆಯನ್ನು ತೋರಿಸುವುದಕ್ಕೆ ಮುಂಚೆಯೇ, ಬಟಾಣಿಯ ಕಾಳೊಂದು ಮೊಳೆತು ಗಿಡವಾಗುವುದನ್ನು ದಿನಕ್ಕೊಂದರಂತೆ ಹಿಡಿದ ಬಿಡಿ ಚಿತ್ರಗಳಿಂದ ಬೆಳೆಸಿ ತೋರಿಸಿದ್ದರು. ಕನ್ನಡದ ಮೊದಲ ವಾಕ್ಚಿತ್ರವು 1934ರ ‘ಸತೀ ಸುಲೋಚನಾ’. ಗೊಂಬೆಯವರು ಆಡಿಸುತ್ತಿದ್ದ ರಾಮಾಯಣವೇ ಅದಕ್ಕೂ ಆಕರ. ತುಮಕೂರು ಜಿಲ್ಲೆಯವರೇ ಆದ ಗುಬ್ಬಿ ವೀರಣ್ಣನವರು ರಂಗಭೂಮಿಯಿಂದ ಈ ಕಲೆಗೂ ಕೈಹಾಕಿದರು.

ಹಾಗಾದರೆ ಕಿಳ್ಳೇಕ್ಯಾತನಿಗೂ ಸಿನಿಮಾಕ್ಕೂ ನಂಟಿಲ್ಲವೆ? ಉಂಟು, ಆದರೆ ಅಭಿಮಾನಿಗಳು ಹೇಳುವ ಸ್ಥಾನದಲ್ಲಿ ಅಲ್ಲ. ಯಂತ್ರದ ವಂಶಾವಳಿಯಲ್ಲಿ ಗೊಂಬೆಯವನ ಹೆಸರಿಲ್ಲ. ಚಿತ್ರವು ಮಾತನಾಡುವುದನ್ನು, ನಗುವುದನ್ನು, ಸಾಯುವುದನ್ನು ನೂರಾರು ಜನ ಕತ್ತಲಲ್ಲಿ ಒಟ್ಟಾಗಿ ಕುಳಿತು ನಂಬುವ ಸಂಸ್ಕಾರವಿದೆಯಲ್ಲ, ಅದನ್ನು ಕಟ್ಟಿದವನು ಅವನು. ಒಬ್ಬನೇ ಪಾತ್ರಕ್ಕೆ ಅವಸ್ಥೆಗೊಂದರಂತೆ ಬೇರೆ ಬೇರೆ ಗೊಂಬೆಗಳನ್ನು ಮಾಡಿ, ಒಂದನ್ನು ತೆಗೆದ ಗಳಿಗೆಯಲ್ಲೇ ಇನ್ನೊಂದನ್ನಿಟ್ಟು, ಇಬ್ಬರಲ್ಲ ಒಬ್ಬನೇ ಎಂದು ತೋರಿಸಿದವನೂ ಅವನೇ. ಈ ಎರಡು ದಾರಿಗಳು ಕೂಡಿದುದು 1926ರಲ್ಲಿ. ಜರ್ಮನಿಯ ಲೊಟ್ಟೆ ರೈನಿಗರ್ ಎಂಬಾಕೆಯು ಕರಿಯ ಕಾಗದದಲ್ಲಿ ಕೀಲುಗೊಂಬೆಗಳನ್ನು ಕತ್ತರಿಸಿ, ಕೆಳಗಿನಿಂದ ಬೆಳಕು ಹಾಯುವ ಗಾಜಿನ ಮೇಲಿಟ್ಟು, ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಒಂದು ಚಿತ್ರ ಎಂಬಂತೆ ಮೂರು ವರ್ಷ ದುಡಿದು, ರಾಜಕುಮಾರ ಅಹ್ಮದನ ಕಥೆಯನ್ನು ಪೂರ್ಣಪ್ರಮಾಣದ ಚಿತ್ರವಾಗಿ ತಂದಳು. ನೆರಳಿನಾಟವೇ ಅಲ್ಲಿ ಚಲಚ್ಚಿತ್ರವಾಯಿತು.

ಪ್ಯಾರಿಸಿನ ರೆನೋ, ಸಿನಿಮಾ ಬಂದ ಮೇಲೆ ತನ್ನ ಕೈಬರಹದ ಪಟ್ಟಿಗಳನ್ನು ಕೇಳುವವರಿಲ್ಲದೆ, ಹತಾಶನಾಗಿ ಬಹುಭಾಗವನ್ನು ಸೇನ್ ನದಿಗೆ ಎಸೆದನು, ಉಳಿದವು ಎರಡೇ. ನಮ್ಮ ಗೊಂಬೆಯವರಲ್ಲಿಯೂ ಸವೆದ ಗೊಂಬೆಗಳನ್ನು ಹೊಳೆಗೆ ಬಿಡುವ ಸಂಪ್ರದಾಯವುಂಟು. ಆದರೆ ಅದು ಹತಾಶೆಯಲ್ಲ, ವಿಸರ್ಜನೆ; ಹಳೆಯದನ್ನು ನೀರಿಗೆ ಬಿಟ್ಟವನು ಹೊಸದನ್ನು ಬರೆಯುತ್ತಿದ್ದನು. ಇಂದು ಹೊಸದನ್ನು ಬರೆಯುವ ಕೈಗಳು ವಿರಳ. ಪಾವಗಡದಾಚೆ ಆಂಧ್ರದ ನಿಮ್ಮಲಕುಂಟೆಯಲ್ಲಿ ಅದೇ ತೊಗಲು, ಅದೇ ಬಣ್ಣಗಳಿಂದ ದೀಪದ ಮುಸುಕುಗಳನ್ನು ಮಾಡಿ ಮಾರುವರು. ಬೆಳಕು ಉಳಿಯಿತು, ಆಟ ನಿಂತಿತು. ಅಲ್ಲಿಯ ದಳವಾಯಿ ಚಲಪತಿರಾಯರಿಗೆ 2020ರಲ್ಲಿಯೂ, ಕೊಪ್ಪಳ ಜಿಲ್ಲೆಯ ಮೋರನಾಳದ ವೃದ್ಧೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿಯೂ ಪದ್ಮಶ್ರೀ ಸಂದುದು ಸಂತೋಷವೇ ಸರಿ. ಆದರೆ ಊರವರು ವೀಳ್ಯ ಕೊಟ್ಟು ಕರೆದ ಹೊರತು ಪರದೆ ಏಳದು. ಚಲಚ್ಚಿತ್ರ ನಮ್ಮದೇ ಎಂದು ಸಾಧಿಸುವುದಕ್ಕಿಂತ, ನಿಜವಾಗಿ ನಮ್ಮದಾದುದನ್ನು ವರ್ಷಕ್ಕೊಂದು ರಾತ್ರಿ ಕುಳಿತು ನೋಡುವುದು ಈ ಸೀಮೆಗೆ ಹೆಚ್ಚು ಶ್ರೇಯಸ್ಕರವಾದುದು.