ಆಸ್ಪತ್ರೆ ಮುಟ್ಟುವ ಮೊದಲು

1986ರ ಮಳೆಗಾಲ. ನಮ್ಮ ತಂದೆಗೆ ಎದೆನೋವು ಬಂದಾಗ ಪಕ್ಕದ ಮನೆಯವರ ಮೆಟಡೋರಿನಲ್ಲಿ ಹಾಸಿಗೆ ಸಮೇತ ಮಲಗಿಸಿಕೊಂಡು ಜಿಲ್ಲಾ ಕೇಂದ್ರಕ್ಕೆ ಹೊರಟೆವು. ಅಮ್ಮ ಅಂಗಾಲು ತಿಕ್ಕುತ್ತಿದ್ದರು, ನಾನು ಬೀಸಣಿಗೆ ಬೀಸುತ್ತಿದ್ದೆ. ಅರ್ಧ ದಾರಿಯಲ್ಲಿ ಉಸಿರು ನಿಂತಿತು. ಗಾಡಿಯಲ್ಲಿದ್ದವರು ಐದು ಜನ. ಏನು ಮಾಡಬೇಕೆಂದು ಬಿ.ಎ. ಓದುತ್ತಿದ್ದ ನನ್ನನ್ನೂ ಸೇರಿಸಿ ಒಬ್ಬರಿಗೂ ಗೊತ್ತಿರಲಿಲ್ಲ.

ನಮ್ಮ ರಾಜ್ಯಕ್ಕೆ 108 ಬಂದದ್ದು 2008ರ ನವೆಂಬರಿನಲ್ಲಿ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಅದರಲ್ಲಿದ್ದಾಳೆ. ಹನ್ನೆರಡು ಗಂಟೆಯ ಪಾಳಿ. ರಸ್ತೆ ಬದಿ ಗಾಡಿ ನಿಲ್ಲಿಸಿ ಹೆರಿಗೆ ಮಾಡಿಸಿದ್ದೂ ಉಂಟು, ತಡವಾಯಿತೆಂದು ಬೈಸಿಕೊಂಡದ್ದೂ ಉಂಟು. ಗಣಿತದಲ್ಲಿ ಫೇಲಾಗುತ್ತಿದ್ದ ಹುಡುಗಿ. "ಹೊಲಿಗೆ ಕಲಿಸಿಬಿಡಿ" ಎಂದು ಅವಳ ತಾಯಿಗೆ ಹೇಳಿದವಳು ನಾನೇ.

ಈ ಕೆಲಸದ ಬೇರುಗಳಲ್ಲಿ ಒಂದು ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿದೆ. 1960ರ ದಶಕದಲ್ಲಿ ಅಲ್ಲಿ ರೋಗಿಗಳನ್ನು ಸಾಗಿಸುತ್ತಿದ್ದದ್ದು ಪೊಲೀಸ್ ವ್ಯಾನು. ಕಳ್ಳರನ್ನು ಕೂರಿಸುತ್ತಿದ್ದ ಅದೇ ವ್ಯಾನು! ಪೊಲೀಸರಿಬ್ಬರೂ ಮುಂದೆ ಕೂತರೆ ಹಿಂದೆ ರೋಗಿ ಒಂಟಿ. ನಮ್ಮ ಮೆಟಡೋರಿನಲ್ಲಿ ಅಳುವುದಕ್ಕಾದರೂ ಜನರಿದ್ದರು.

ಅಲ್ಲಿನ ವೈದ್ಯ ಪೀಟರ್ ಸಫಾರ್, ನಿಂತ ಉಸಿರನ್ನು ಬಾಯಿಂದ ಬಾಯಿಗೆ ಊದಿ ಮರಳಿಸುವ ವಿಧಾನವನ್ನು ಜಗತ್ತಿಗೆ ಕಲಿಸಿದವರಲ್ಲಿ ಒಬ್ಬರು. 1966ರಲ್ಲಿ ಅವರ ಪುಟ್ಟ ಮಗಳೇ ಆಸ್ತಮಾದಿಂದ ತೀರಿಕೊಂಡಳು. ಚಿಕಿತ್ಸೆ ರೋಗಿಯಿದ್ದಲ್ಲೇ ಶುರುವಾಗಬೇಕೆಂದು ಹಟ ಹಿಡಿದ ಅವರು 1967ರಲ್ಲಿ ಫ್ರೀಡಂ ಹೌಸ್ ಎಂಬ ಸಂಸ್ಥೆಯ ಜೊತೆ ಸೇರಿ ತರಬೇತಿ ಆರಂಭಿಸಿದರು. ಯಾರಿಗೆ? ಹಿಲ್ ಡಿಸ್ಟ್ರಿಕ್ಟ್ ಎಂಬ ಕರಿಯರ ಬಡಾವಣೆಯ ನಿರುದ್ಯೋಗಿ ಯುವಕರಿಗೆ. ಕೆಲವರು ಹೈಸ್ಕೂಲು ಮುಗಿಸಿರಲಿಲ್ಲ, ಕೆಲವರು ಜೈಲು ಕಂಡವರು. ಊರಿನ ಲೆಕ್ಕದಲ್ಲಿ ಕೆಲಸಕ್ಕೆ ಬಾರದವರು. ಸುಮಾರು 300 ಗಂಟೆಗಳ ಪಾಠ: ದೇಹರಚನೆ, ಉಸಿರಾಟ, ಹೃದಯ, ಆಸ್ಪತ್ರೆಯಲ್ಲಿ ಅಭ್ಯಾಸ. 1968ರಲ್ಲಿ ಗಾಡಿಗಳು ಬೀದಿಗಿಳಿದವು. ಕೆಲವು ಬಿಳಿಯ ರೋಗಿಗಳು ಇವರ ಕೈ ಮುಟ್ಟಿಸಿಕೊಳ್ಳಲೂ ಒಪ್ಪುತ್ತಿರಲಿಲ್ಲವಂತೆ. ಎದೆ ಒಡೆಯುವ ನೋವಿನಲ್ಲೂ ಮನುಷ್ಯನಿಗೆ ಮಡಿ ಬೇಕು, ನೋಡಿ.

ಆಮೇಲೆ ಮೇಲ್ವಿಚಾರಣೆಗೆ ಬಂದ ವೈದ್ಯೆ ನ್ಯಾನ್ಸಿ ಕ್ಯಾರೊಲಿನ್ ತಾವೂ ಇವರ ಜೊತೆ ಗಾಡಿ ಹತ್ತಿದರು. ಆ ಅನುಭವದಿಂದ ಅವರು ಬರೆದ ಪುಸ್ತಕವೇ ಮುಂದೆ ಅಮೆರಿಕದ ಪ್ಯಾರಾಮೆಡಿಕ್‌ಗಳಿಗೆ ಪಠ್ಯವಾಯಿತು.

ಆದರೆ ಕೆಲಸಕ್ಕೆ ಗೌರವ ಬಂದ ಮೇಲೆ ಕೆಲಸಗಾರರು ಬೇಡವಾದರು. 1975ರಲ್ಲಿ ನಗರಸಭೆ ತನ್ನದೇ ಸೇವೆ ತೆರೆದು ಫ್ರೀಡಂ ಹೌಸ್ ಅನ್ನು ಮುಚ್ಚಿಸಿತು. ಇವರನ್ನು ಸೇರಿಸಿಕೊಂಡರೂ ಹೊಸ ಪರೀಕ್ಷೆಗಳನ್ನು ಒಡ್ಡಿದರು, ಹಳೆಯ ಅಪರಾಧಗಳನ್ನು ಕೆದಕಿದರು. ತಮಗಿಂತ ಕಡಿಮೆ ಅನುಭವದ ಬಿಳಿಯರ ಕೈಕೆಳಗೆ ದುಡಿಯುವಂತಾಯಿತು. ಬಹಳ ಜನ ಹೊರಬಿದ್ದರು. ಉಸಿರು ತುಂಬಲು ಬಲ್ಲವರಿಗೆ ಕಾಗದದ ಮೇಲೆ ಅಂಕ ಸಾಲಲಿಲ್ಲ. ಮೂವತ್ತು ವರ್ಷ ಕೆಂಪು ಪೆನ್ನು ಹಿಡಿದವಳಿಗೆ ಇದನ್ನು ಓದುವಾಗ ಕೈ ಸ್ವಲ್ಪ ನಡುಗಿತು.

ಮೊನ್ನೆ ನನ್ನ ವಿದ್ಯಾರ್ಥಿನಿಗೆ ಈ ಕಥೆ ಹೇಳಿದೆ, ತಂದೆಯ ಸಂಗತಿಯನ್ನೂ ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡು, "ಉಸಿರು ನಿಂತ ಮೇಲೆ ಆಸ್ಪತ್ರೆಗೆ ಎಷ್ಟು ಹೊತ್ತು ಆಯ್ತು, ಮೇಡಂ?" ಎಂದಳು. ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ.