ಉದ್ಯಮದ ಶಕ್ತಿವ್ಯಯವನ್ನು ಅಳೆಯುವ ಬಗೆ: ಕೋಲಾರದಿಂದ ಕೂಡಗಿಯವರೆಗೆ

ಉತ್ತರ ಕರ್ನಾಟಕದಲ್ಲಿ ಹೊಲದ ವಿಸ್ತಾರವನ್ನು ‘ಕೂರಿಗೆ’ಗಳಲ್ಲಿ ಹೇಳುವ ರೂಢಿಯುಂಟು. ಒಂದು ಕೂರಿಗೆಯನ್ನು ಹೂಡಿ ಒಂದು ದಿನದಲ್ಲಿ ಬಿತ್ತಬಹುದಾದ ಭೂಮಿಯೇ ಒಂದು ಕೂರಿಗೆ. ಎತ್ತಿನ ದುಡಿಮೆಯನ್ನೂ ಅದರಿಂದ ಆದ ಕೆಲಸವನ್ನೂ ಈ ಒಂದೇ ಮಾತು ಹೊತ್ತಿದೆ. ಆದರೆ ನೆಲ ಬೇರೆಯಾದರೆ, ಅದೇ ಎತ್ತುಗಳ ಅದೇ ದಿನದ ದುಡಿಮೆ ಬೇರೆ ವಿಸ್ತಾರವನ್ನು ಮುಟ್ಟುತ್ತದೆಂಬುದನ್ನು ಹಲಸಂಗಿಯ ಒಕ್ಕಲಿಗನಿಗೆ ಯಾರೂ ಕಲಿಸಬೇಕಾಗಿಲ್ಲ.

ಇಂದಿನ ಕಂಪನಿಗಳೂ ಇಂಥದೇ ಒಂದು ಲೆಕ್ಕವನ್ನು ಒಪ್ಪಿಸುತ್ತವೆ. ವರ್ಷದಲ್ಲಿ ವ್ಯಯವಾದ ಒಟ್ಟು ಶಕ್ತಿಯನ್ನು ವ್ಯವಹಾರದ ಪ್ರಮಾಣದಿಂದ ಭಾಗಿಸಿ ಬಂದ ಫಲಕ್ಕೆ ‘ಶಕ್ತಿತೀವ್ರತೆ’ ಎಂದು ಹೆಸರು. ಈ ಅಂಕಿಯನ್ನು ಇತಿಹಾಸದ ಆಧಾರವಾಗಿ ಬಳಸುವಾಗ ವಹಿಸಬೇಕಾದ ಎಚ್ಚರವನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ನಾಡಿನಲ್ಲಿ ಈ ವಿಚಾರಕ್ಕೆ ಅತ್ಯುತ್ತಮ ನಿದರ್ಶನವೆಂದರೆ ಕೋಲಾರದ ಚಿನ್ನದ ಗಣಿ. ಅಲ್ಲಿಯ ಯಂತ್ರಗಳು ಮೊದಲು ಉಗಿಯಿಂದ ನಡೆಯುತ್ತಿದ್ದವು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, ಇಂಜಿನಿಯರ್ ಜೋಲಿ ದ ಲಾಟ್‌ಬಿನಿಯರ್ ಅವರ ಯೋಜನೆಯಂತೆ ಶಿವನಸಮುದ್ರದ ವಿದ್ಯುದಾಗಾರದ ಕಾರ್ಯ ಆರಂಭವಾಯಿತು. 1902ನೆಯ ಜೂನ್ 30ರಂದು 92 ಮೈಲಿಗಳ ತಂತಿಯ ಮೂಲಕ ವಿದ್ಯುತ್ತು ಗಣಿಯನ್ನು ಮುಟ್ಟಿತು. ಅಂದಿನಿಂದ ಭಾಜ್ಯದ ಸ್ವರೂಪವೇ ಬದಲಾಯಿತು. ಉಗಿಯಂತ್ರದ ಕಾಲದಲ್ಲಿ ಇಂಧನವು ಗಣಿಯ ಅಂಗಳದಲ್ಲಿಯೇ ಉರಿದು, ಅದರ ನಷ್ಟವೆಲ್ಲ ಗಣಿಯ ಲೆಕ್ಕಕ್ಕೆ ಸೇರುತ್ತಿತ್ತು. ವಿದ್ಯುತ್ತು ಬಂದ ಮೇಲೆ ಯಂತ್ರಾಗಾರದ ಮತ್ತು ತಂತಿಯ ನಷ್ಟ ಗಣಿಯ ಬಾಗಿಲಿನ ಹೊರಗೇ ಉಳಿಯಿತು. ಈ ಎರಡು ಕಾಲಗಳ ಅಂಕಿಗಳನ್ನು ಹಾಗೆಯೇ ಅಕ್ಕಪಕ್ಕದಲ್ಲಿಟ್ಟು ಹೋಲಿಸಲಾಗದು.

ಭಾಜಕದ ವಿಷಯ ಇನ್ನೂ ಸೂಕ್ಷ್ಮವಾದುದು. ಟನ್ ಅದಿರಿಗೆ 30 ಗ್ರಾಂ ಚಿನ್ನ ದೊರೆಯುವಲ್ಲಿ ಒಂದು ಕಿಲೋಗ್ರಾಂ ಚಿನ್ನಕ್ಕೆ ಸುಮಾರು 33 ಟನ್ ಅದಿರು ಸಾಕು. 3 ಗ್ರಾಂ ದೊರೆಯುವಲ್ಲಿ 333 ಟನ್ ಬೇಕು. ಕೋಲಾರದ ಅದಿರು ವರ್ಷದಿಂದ ವರ್ಷಕ್ಕೆ ಬಡವಾಗುತ್ತ, 2001ರಲ್ಲಿ ಗಣಿ ಮುಚ್ಚುವ ವೇಳೆಗೆ ಸುಮಾರು ಈ ಎರಡನೆಯ ಮಟ್ಟಕ್ಕೆ ಇಳಿದಿತ್ತು. ಗಣಿಯ ಆಳ 3 ಕಿಲೋಮೀಟರುಗಳನ್ನು ಮೀರಿತ್ತು. ಅಷ್ಟು ಆಳದಿಂದ ಕಲ್ಲನ್ನು ಮೇಲೆತ್ತಬೇಕು, ನೀರನ್ನು ಹೊರಹಾಕಬೇಕು, ಕಾದ ಬಂಡೆಗಳ ನಡುವೆ ದುಡಿಯುವವರಿಗೆ ತಂಪುಗಾಳಿಯನ್ನು ಒದಗಿಸಬೇಕು. ಚಿನ್ನದ ತೂಕವನ್ನು ಭಾಜಕವಾಗಿಟ್ಟರೆ ಶಕ್ತಿವ್ಯಯ ಏರುತ್ತಲೇ ಹೋಗುವುದು ಅನಿವಾರ್ಯ. ಇದನ್ನು ಕಂಡು ಕೆಲಸಗಾರರ ಅಥವಾ ಯಂತ್ರಗಳ ದಕ್ಷತೆ ಕುಂದಿತೆಂದು ತೀರ್ಪು ಕೊಡುವವನು ಬಂಡೆಯ ತಪ್ಪನ್ನು ಮನುಷ್ಯನ ಮೇಲೆ ಹೊರಿಸಿದಂತಾಗುತ್ತದೆ.

ಹಣವನ್ನು ಭಾಜಕವಾಗಿಟ್ಟರೆ ಚಿತ್ರ ಬೇರೆಯಾಗುತ್ತದೆ. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಸುವರ್ಣಮಾನವನ್ನು ಕೈಬಿಟ್ಟಿತು; ರೂಪಾಯಿ ಪೌಂಡಿಗೆ ಅಂಟಿಕೊಂಡೇ ಉಳಿಯಿತು. ತೊಲಕ್ಕೆ ಸುಮಾರು 21 ರೂಪಾಯಿಯಿದ್ದ ಚಿನ್ನದ ಬೆಲೆ ಕೆಲವೇ ವರ್ಷಗಳಲ್ಲಿ 30 ರೂಪಾಯಿಗಳನ್ನು ದಾಟಿತು. ಉಳಿದುದೆಲ್ಲ ಯಥಾಸ್ಥಿತಿಯಲ್ಲಿದ್ದರೂ, ರೂಪಾಯಿಯೊಂದಕ್ಕೆ ತಗಲುವ ಶಕ್ತಿ ಈ ಬೆಲೆಯೇರಿಕೆಯೊಂದರಿಂದಲೇ ಹತ್ತರಲ್ಲಿ ಮೂರು ಪಾಲು ಇಳಿದಂತೆ ತೋರುತ್ತದೆ. ಲಂಡನ್ನಿನಲ್ಲಿ ಆದ ಒಂದು ನಿರ್ಧಾರವು ಕೋಲಾರದ ಯಂತ್ರಗಳಿಗೆ ಮಿತವ್ಯಯದ ಕೀರ್ತಿಯನ್ನು ತರಬಲ್ಲುದು!

ನಮ್ಮ ಕಾಲದ ಕಾನೂನು ಎರಡೂ ಭಾಜಕಗಳನ್ನು ಬಳಸುತ್ತದೆ. 2001ರ ಶಕ್ತಿ ಸಂರಕ್ಷಣಾ ಅಧಿನಿಯಮದ ಆಧಾರದ ಮೇಲೆ 2012ರಲ್ಲಿ ಜಾರಿಗೆ ಬಂದ ಯೋಜನೆಯು ದೊಡ್ಡ ಕಾರ್ಖಾನೆಗಳಿಗೆ ಉತ್ಪನ್ನದ ಪ್ರಮಾಣಕ್ಕನುಗುಣವಾದ ಗುರಿಗಳನ್ನು ವಿಧಿಸಿತು. ಷೇರುಪೇಟೆಯ ನಿಯಂತ್ರಕವಾದ ಸೆಬಿಯು 2021ರಲ್ಲಿ ಹೊರಡಿಸಿದ ವರದಿಯ ನಮೂನೆಯಾದರೋ ವಹಿವಾಟಿನ ರೂಪಾಯಿಯೊಂದಕ್ಕೆ ತಗಲಿದ ಶಕ್ತಿಯನ್ನು ಕೇಳುತ್ತದೆ. 2022-23ರಿಂದ ಅಗ್ರಗಣ್ಯ 1000 ಕಂಪನಿಗಳಿಗೆ ಇದು ಕಡ್ಡಾಯವಾಯಿತು. ನಾನಾ ಬಗೆಯ ಸರಕುಗಳನ್ನು ಮಾಡುವ ಕಂಪನಿಗೆ ಹಣದ ಹೊರತು ಬೇರೆ ಸಮಾನ ಭಾಜಕ ಸಿಗುವುದು ಕಷ್ಟವೆಂಬುದನ್ನೂ ಒಪ್ಪಬೇಕು.

ಈಗ ನಮ್ಮ ಜಿಲ್ಲೆಗೆ ಬರೋಣ. ಬಸವನ ಬಾಗೇವಾಡಿಯ ಸೀಮೆಯ ಕೂಡಗಿಯಲ್ಲಿ ತಲಾ 800 ಮೆಗಾವಾಟ್‌ಗಳ ಮೂರು ಘಟಕಗಳ ಉಷ್ಣವಿದ್ಯುತ್ ಸ್ಥಾವರವಿದೆ. ಇಂಥ ಸ್ಥಾವರದ ಹದವನ್ನು ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಕಿಲೋಕ್ಯಾಲೊರಿ ಉಷ್ಣ ತಗಲಿತೆಂದು ಅಳೆಯುತ್ತಾರೆ. ಬೇಡಿಕೆ ತಗ್ಗಿ ಘಟಕವನ್ನು ಅರೆಹೊರೆಯಲ್ಲಿ ನಡೆಸಿದರೆ ಈ ಅಂಕಿ ಕೆಡುತ್ತದೆ. ಕಲ್ಲಿದ್ದಲಿನ ಬೆಲೆಯೇರಿ ಅದು ವಿದ್ಯುತ್ತಿನ ದರಕ್ಕೆ ಸೇರಿದರೆ, ರೂಪಾಯಿಯ ಲೆಕ್ಕದ ಅಂಕಿ ಇಳಿಯುತ್ತದೆ. ಸುಟ್ಟ ಕಲ್ಲಿದ್ದಲು ಮಾತ್ರ ಅಷ್ಟೇ ಇರುತ್ತದೆ. ಸುತ್ತಲಿನ ಹಳ್ಳಿಗಳ ಮೇಲೆ ಬೀಳುವ ಬೂದಿಯಾಗಲಿ, ಆಲಮಟ್ಟಿಯ ಜಲಾಶಯದಿಂದ ಹೋಗುವ ನೀರಾಗಲಿ ಈ ಭಾಗಾಕಾರವನ್ನು ಅರಿಯವು. ಅವು ಒಟ್ಟು ಮೊತ್ತವನ್ನೇ ಅನುಸರಿಸುತ್ತವೆ.

ಆದುದರಿಂದ ಕಂಪನಿಗಳ ಚರಿತ್ರೆಯನ್ನು ಅಭ್ಯಸಿಸುವ ವಿದ್ಯಾರ್ಥಿಗಳು ತೀವ್ರತೆಯ ಅಂಕಿಯೊಂದನ್ನೇ ಎತ್ತಿಕೊಳ್ಳದೆ ಮೂರು ಅಂಕಣಗಳನ್ನು ಜೊತೆಯಾಗಿ ಬರೆದಿಟ್ಟುಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ: ಒಟ್ಟು ಶಕ್ತಿ, ಸರಕಿನ ಪ್ರಮಾಣ, ಆ ವರ್ಷದ ಬೆಲೆ. ಶಕ್ತಿಯನ್ನು ಎಲ್ಲಿಂದ ಎಲ್ಲಿಯವರೆಗೆ ಎಣಿಸಿದರೆಂಬುದನ್ನೂ ಗುರುತಿಸಬೇಕು. ಕೂರಿಗೆಯ ಲೆಕ್ಕ ಕೇಳಿದವನು ನೆಲ ಯಾವುದೆಂದು ಕೇಳುವುದು ನಮ್ಮಲ್ಲಿ ಸಹಜ. ಕಂಪನಿಯ ಲೆಕ್ಕವನ್ನು ಓದುವವನೂ ಅದೇ ಪ್ರಶ್ನೆಯನ್ನು ಕೇಳಬೇಕು.